ನಾಲ್ಕು ಪಾಯಿಂಟ್ ಮೂರೊಂದು

ಹಗಲು ಎಲ್ಲ ಸರಿ.
ಕಾರ್ಡಿನ ಕಾಲಿಗೆ ಮೀಟರಿನ ಮೊನೆ ತಾಗಿಸಿದರೆ
ನಾಲ್ಕು ಪಾಯಿಂಟ್ ಒಂಬತ್ತು ಏಳು.
ಐದಕ್ಕೆ ಮೂರು ಪೈಸೆ ಕಮ್ಮಿ,
ಅಷ್ಟನ್ನು ಯಾರೂ ಜಗಳ ಮಾಡಿ ಕೇಳುವುದಿಲ್ಲ.

ರಾತ್ರಿ ಮಾತ್ರ ಅಲೆ ಕುಗ್ಗುತ್ತದೆ.
ನಲವತ್ತು ಮೀಟರಿನ ತೊಟ್ಟಿ, ತುದಿಯಲ್ಲೊಂದು ಹಲಗೆ,
ಅದು ತಳ್ಳಿದ ನೀರು ಹಗಲು ಇಪ್ಪತ್ತು ಸೆಂಟಿಮೀಟರ್ ಏಳುತ್ತದೆ.
ರಾತ್ರಿ ಅದೇ ಹಲಗೆ, ಅದೇ ನೀರು,
ಹದಿನೇಳು ಚಿಲ್ಲರೆ.
'ವಾಲ್ದಿವಿಯಾದ ಸಮುದ್ರಕ್ಕೂ ನಿದ್ದೆ ಬೇಕಲ್ಲ' ಎಂದು ನಿಕಾನೋರ್ ನಗುತ್ತಾನೆ.
ಪ್ರಬಂಧ ಒಪ್ಪಿಸಲು ಇನ್ನು ಆರು ವಾರ.
ನಗು ಹಲ್ಲಿನಿಂದ ಒಳಗೆ ಹೋಗಿಲ್ಲ.

ನಾನು ರಿಪೇರಿಯವಳು. ನಿದ್ದೆಯ ಮಾತು ನಂಬುವುದಿಲ್ಲ.
ಮೊದಲು ಕಾರ್ಡನ್ನೇ ಬೈದೆ.
ಕಂಪ್ಯೂಟರಿನ ಹೊಟ್ಟೆ ಬಿಚ್ಚಿದೆ, ಧೂಳು ಊದಿದೆ,
ಕಾರ್ಡನ್ನು ಕಿತ್ತು ಪಕ್ಕದ ಸಂದಿಯಲ್ಲಿ ಕೂರಿಸಿದೆ,
ಹಿತ್ತಾಳೆ ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ.
ಸಾಂತಿಯಾಗೋದಿಂದ ಬಸ್ಸಿನಲ್ಲಿ ಇನ್ನೊಂದು ಕಾರ್ಡ್ ಬಂತು,
ಯಾರದೋ ಹಳೆ ಸ್ವೆಟರಿನಲ್ಲಿ ಸುತ್ತಿಕೊಂಡು.
ಅದೂ ಹಗಲು ಸಂಭಾವಿತ.
ರಾತ್ರಿ, ಹದಿನೇಳು ಚಿಲ್ಲರೆ.

ಆಗ ಹೊಳೆಯಿತು: ಮೀಟರು ಹಿಡಿದಿದ್ದೆಲ್ಲ ನಾನು
ಬೆಳಗಿನ ಹತ್ತರಿಂದ ಸಂಜೆ ಐದರ ತನಕ.
ರಾತ್ರಿ ಬರುವ ಕಾಯಿಲೆಗೆ ಹಗಲು ನಾಡಿ ನೋಡುತ್ತಿದ್ದೆ.

ಜುಲೈ ತಿಂಗಳ ಚಳಿ. ಹನ್ನೊಂದೂವರೆ.
ಕೈಚೀಲದಲ್ಲಿ ಬ್ರೆಡ್ಡು, ಮೀಟರು, ಮಗಳ ಉಣ್ಣೆಯ ಟೋಪಿ.
ಕಾರ್ಡಿನ ಬಾಯಲ್ಲಿ ನಾಲ್ಕು ಪಾಯಿಂಟ್ ಒಂಬತ್ತು ಆರು.
ಹನ್ನೆರಡು ಮೀಟರ್ ಆಚೆ, ಅಲೆ ಅಳೆಯುವ ಕಡ್ಡಿಯ ಬುಡದಲ್ಲಿ
ನಾಲ್ಕು ಪಾಯಿಂಟ್ ಮೂರೊಂದು.
ಹೊರಟಾಗ ಇತ್ತು, ತಲುಪುವಾಗ ಇಲ್ಲ.
ಕಾರ್ಡಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.
ಪಾಪದ ಕಡ್ಡಿ, ತನಗೆ ಸಿಕ್ಕ ವೋಲ್ಟಿನಲ್ಲೇ ಲೋಕವನ್ನು ಅಳೆಯುತ್ತದೆ,
ಕೊಟ್ಟದ್ದು ಕಮ್ಮಿಯಾದರೆ ಕಂಡದ್ದೂ ಕಮ್ಮಿ.

ತಂತಿಯನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ನಡೆದೆ.
ತೊಟ್ಟಿಯ ಪಕ್ಕದ ಮೂರನೆಯ ಮೆಟ್ಟಿಲಿನಲ್ಲಿ
ಒಂದು ಗಂಟು ಸಿಕ್ಕಿತು.
ಟೇಪಿಲ್ಲ, ಬೆಸುಗೆಯಿಲ್ಲ, ನೈಲಾನ್ ದಾರ,
ಎಳೆದಷ್ಟೂ ಬಿಗಿಯುವ ದೋಣಿಯವರ ಗಂಟು.
ಅಲ್ಲಿಂದ ಕವಲೊಡೆದ ತಂತಿಯ ತುದಿಗೆ ಟಾರ್ಚಿನ ಬಲ್ಬು,
ಜಾಮ್ ಬಾಟಲಿಯೊಳಗೆ, ಹಳದಿಯಾಗಿ.
ಅರ್ಧ ಆಂಪಿಯರ್ ಕುಡಿಯುವ ಕೂಸು.
ಅಷ್ಟು ಹೊರುವ ತಂತಿಯಲ್ಲ ನಮ್ಮದು, ದಾರಿಯಲ್ಲೇ ಬೆವರುತ್ತದೆ.

ಕಾವಲಿನ ದೋನ್ ಎಲ್ಯೂತೇರಿಯೊ ಸ್ಟೂಲಿನಿಂದ ಎದ್ದು ಬಂದರು,
ಎಡಗಾಲು ತುಸು ಹಿಂದೆ.
'ಮೇ ತಿಂಗಳಲ್ಲಿ ಇಲ್ಲೇ ಬಿದ್ದೆ, ಕತ್ರಿಲೆಯೋ ಮೇಡಂ.
ಮೆಟ್ಟಿಲು ಕಾಣುವುದಿಲ್ಲ. ಅರ್ಜಿ ಕೊಟ್ಟೆ. ಎರಡು ಸಲ.
ಬೆಳಗ್ಗೆ ಹೋಗುವಾಗ ಬಲ್ಬು ಬಿಚ್ಚಿಟ್ಟೇ ಹೋಗುತ್ತೇನೆ, ದಂಡ ಯಾಕೆ.'

ಬೈಗುಳ ಬಾಯಿಗೆ ಬಂದಿತ್ತು. ಬ್ರೆಡ್ಡು ಮುರಿದು ಅರ್ಧ ಕೊಟ್ಟೆ.
ಕಡ್ಡಿ, ವೋಲ್ಟು, ಕುಗ್ಗಿದ ಅಲೆ ಎಲ್ಲ ಹೇಳಿದೆ.
ಅವರು ನೀರನ್ನೇ ನೋಡುತ್ತಿದ್ದರು.
'ಅರವತ್ತರಲ್ಲಿ ಕೊರ್ರಾಲ್ ಬಂದರಿನಲ್ಲಿದ್ದೆ, ಎಂಟು ವರ್ಷ ನನಗೆ.
ಗುಡ್ಡದ ಮೇಲಿಂದ ನೋಡಿದೆ.
ಆಮೇಲೆ ಎಷ್ಟೆತ್ತರ ಅಂತ ಬರೆದುಕೊಂಡು ಹೋದರು.
ಬರೆದದ್ದು ನಾನು ಕಂಡದ್ದಕ್ಕಿಂತ ಚಿಕ್ಕದು.
ಆಗಲೂ ಯಾರಾದರೂ ದೀಪ ಹಚ್ಚಿದ್ದರೋ ಏನೋ.'

ನಿಕಾನೋರನ ನಲವತ್ತೊಂದು ರಾತ್ರಿ ಮತ್ತೆ ಮಾಡಬೇಕು.
ಯಾವುದೋ ಒಂದು ಅಂಕಿಯಿಂದ ಗುಣಿಸಿ ಸರಿಮಾಡಬಹುದೇ ಎಂದ.
ಬಲ್ಬು ಯಾವ ರಾತ್ರಿ ಎಷ್ಟು ಹೊತ್ತಿಗೆ ಹತ್ತಿತೆಂದು
ಯಾರೂ ಬರೆದಿಟ್ಟಿಲ್ಲ, ಮಗೂ.

ಕಡ್ಡಿಗೆ ಈಗ ಅದರದೇ ಪುಟ್ಟ ಪವರ್ ಸಪ್ಲೈ,
ಕಾರ್ಡಿಗೂ ಅದಕ್ಕೂ ಒಂದೇ ನೆಲ.
ದೋನ್ ಎಲ್ಯೂತೇರಿಯೊ ಅವರ ದೀಪಕ್ಕೆ ಬೇರೆ ಅಡಾಪ್ಟರು,
ಭರ್ತಿ ಆರು ವೋಲ್ಟು.

ನಿನ್ನೆ ಹೋಗಿ ನೋಡಿದರೆ
ಬಾಟಲಿಗೆ ಬ್ರೆಡ್ಡಿನ ಕಂದು ಕಾಗದ ಸುತ್ತಿದ್ದಾರೆ.
'ಕಣ್ಣು ಕುಕ್ಕುತ್ತದೆ ಮೇಡಂ,
ಮೊದಲಿನ ಬೆಳಕೇ ಚೆನ್ನಾಗಿತ್ತು.'